ಡಿಸ್ಲೆಕ್ಸಿಯಾ: ಮಗುವಿನ ಓದು ಎಲ್ಲಿ ತೊಡರುತ್ತಿದೆ?

ಡಿಸ್ಲೆಕ್ಸಿಯಾ ಅಂದರೆ ಓದು ಬರಹ ಕಲಿಯುವುದರಲ್ಲಿನ ತೊಂದರೆ. ಆ ಹೆಸರು ಕೇಳಿದ ಕೂಡಲೇ ಹೆಚ್ಚಿನವರ ಕಣ್ಮುಂದೆ ಬರುವುದು ಇಂಗ್ಲಿಷಿನ ‘ಬಿ’ಯನ್ನು ‘ಡಿ’ ಅಂತ ಓದುವ ಮಗು, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುವ ಮಗು. ಕನ್ನಡದಲ್ಲಿ ಹಾಗೆ ಎಡಬಲ ತಿರುಗಿಸಿದರೆ ಬೇರೆ ಅಕ್ಷರವೇ ಆಗಿಬಿಡುವ ಜೋಡಿಗಳು ಇಲ್ಲವೆಂದೇ ಹೇಳಬಹುದು. ಹಾಗಂತ ಕನ್ನಡ ಓದುವ ಮಕ್ಕಳಲ್ಲಿ ಡಿಸ್ಲೆಕ್ಸಿಯಾ ಇಲ್ವಾ? ಖಂಡಿತ ಇದೆ. ಇಲ್ಲಿ ಅದರ ಮುಖವೇ ಬೇರೆ, ಅಷ್ಟೇ. ಆ ಮುಖದ ಪರಿಚಯ ಇಲ್ಲದ ಕಾರಣಕ್ಕೆ ನಮ್ಮ ಎಷ್ಟೋ ಮಕ್ಕಳು ‘ಓದಿನಲ್ಲಿ ಹಿಂದೆ’, ‘ಸೋಮಾರಿ’, ‘ಗಮನ ಇಲ್ಲ’ ಅನ್ನಿಸಿಕೊಂಡೇ ಹೈಸ್ಕೂಲು ದಾಟುತ್ತಾರೆ.

ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಿಸ್ಲೆಕ್ಸಿಯಾ ಒಂದೇ ತರಹದ ತೊಂದರೆಯಲ್ಲ. ಓದು ಅನ್ನುವುದು ಹಲವು ಕೆಲಸ ಸೇರಿ ಆಗುವ ಒಂದು ಕೆಲಸ. ಅದರಲ್ಲಿ ಯಾವುದು ಕೈಕೊಟ್ಟರೂ ಓದು ಕೆಡುತ್ತದೆ. ಆದರೆ ಕೆಡುವ ರೀತಿ ಬೇರೆ ಬೇರೆ. ಹಾಗಾಗಿ ‘ನಮ್ಮ ಮಗೂಗೆ ಡಿಸ್ಲೆಕ್ಸಿಯಾ ಇದೆಯಾ, ಇಲ್ವಾ’ ಅಂತ ಕೇಳಿ ನಿಲ್ಲಿಸಿದರೆ ಸಾಲದು. ಓದು ಯಾವ ಜಾಗದಲ್ಲಿ ತೊಡರುತ್ತಿದೆ ಅಂತ ನೋಡಬೇಕು. ಕಲಿಸಬೇಕಾದ್ದು ಅಲ್ಲಿಯೇ.

ಓದು ಹುಟ್ಟಿನಿಂದ ಬರುವುದಲ್ಲ

ಮಾತು ಕಲಿಯಲು ಮಗುವಿಗೆ ಯಾರೂ ಪಾಠ ಮಾಡುವುದಿಲ್ಲ. ಸುತ್ತಮುತ್ತಲಿನವರು ಆಡುವುದನ್ನು ಕೇಳಿಕೊಂಡೇ ಕಲಿಯುತ್ತದೆ. ಓದು ಹಾಗಲ್ಲ. ಮನುಷ್ಯ ಬರವಣಿಗೆ ಕಂಡುಕೊಂಡು ಸುಮಾರು 5,000 ವರ್ಷ ಆಗಿರಬಹುದು. ಮೆದುಳಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಓದಲಿಕ್ಕೆಂದೇ ಹುಟ್ಟಿನಿಂದ ಬಂದ ಭಾಗ ಮೆದುಳಿನಲ್ಲಿಲ್ಲ. ಕಣ್ಣಿಗೆ ಕಂಡದ್ದನ್ನು ಗುರುತಿಸುವ ಭಾಗ, ಶಬ್ದವನ್ನು ಬಿಡಿಸಿ ನೋಡುವ ಭಾಗ, ಅರ್ಥ ಹುಡುಕುವ ಭಾಗ, ಬಾಯಿ ಆಡಿಸುವ ಭಾಗ, ಇವೆಲ್ಲ ಒಂದಕ್ಕೊಂದು ಹೊಸದಾಗಿ ಜೋಡಣೆಯಾಗಬೇಕು. ಹೆಚ್ಚಿನವರಲ್ಲಿ ಈ ಜೋಡಣೆ ಮೆದುಳಿನ ಎಡಭಾಗದಲ್ಲಿ ಆಗುತ್ತದೆ. ಒಂದನೇ ಕ್ಲಾಸಿನಿಂದ ಶುರುವಾಗಿ ವರ್ಷಗಟ್ಟಲೆ ನಡೆಯುತ್ತದೆ.

ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಈ ಜೋಡಣೆ ಸಲೀಸಾಗಿ ಆಗುವುದಿಲ್ಲ. ಬುದ್ಧಿ ಚುರುಕಾಗಿಯೇ ಇರಬಹುದು. ಕಣ್ಣು, ಕಿವಿ ಸರಿಯಿರಬಹುದು. ಪಾಠವೂ ಸರಿಯಾಗಿ ನಡೆದಿರಬಹುದು. ಆದರೂ ಬರೆದ ಪದವನ್ನು ತಪ್ಪಿಲ್ಲದೆ, ತಡವರಿಸದೆ ಓದುವುದು, ಕಾಗುಣಿತ ತಪ್ಪದೆ ಬರೆಯುವುದು ಎಷ್ಟು ಮಾಡಿದರೂ ಕಷ್ಟವಾಗಿಯೇ ಉಳಿಯುತ್ತದೆ. ನೂರು ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಇದು ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಅಂದರೆ ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇಬ್ಬರಾದರೂ ಇರುತ್ತಾರೆ.

ಇದು ಇಂದು ನಿನ್ನೆಯ ವಿಷಯವೂ ಅಲ್ಲ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಹೆಸರು ಪರ್ಸಿ. ಚುರುಕು ಹುಡುಗ, ಆಟದಲ್ಲೂ ಮುಂದು. ಆದರೆ ಓದು ಮಾತ್ರ ಹತ್ತುತ್ತಿರಲಿಲ್ಲ. ತನ್ನ ಹೆಸರನ್ನೇ ಒಮ್ಮೆ ಅಕ್ಷರ ಅದಲುಬದಲು ಮಾಡಿ ‘ಪ್ರೆಸಿ’ ಅಂತ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಇವನೇ ಜಾಣ ಆಗಿರುತ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದರಂತೆ. ನೂರಾ ಇಪ್ಪತ್ತು ವರ್ಷಕ್ಕೂ ಹಿಂದಿನ ಆ ಮೇಷ್ಟ್ರಿಗೆ ಹೊಳೆದ ವಿಷಯ ಈಗಲೂ ಎಷ್ಟೋ ಶಾಲೆಗಳಲ್ಲಿ ಹೊಳೆಯುವುದಿಲ್ಲ ಅಂದರೆ ನನಗೆ ತುಂಬಾ ಬೇಸರವಾಗುತ್ತದೆ.

ಇದು ಮನೆತನದಲ್ಲಿ ಹರಿದು ಬರುವುದೂ ಉಂಟು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಎಷ್ಟೋ ಜಾಸ್ತಿ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಡಿಸ್ಲೆಕ್ಸಿಯಾಗೆ ನಂಟಿರುವ 42 ಜಾಗಗಳನ್ನು ನಮ್ಮ ವಂಶವಾಹಿಗಳಲ್ಲಿ ಗುರುತಿಸಿತು. ಒಂದೇ ಒಂದು ಜೀನ್ ಕೆಟ್ಟು ಇದು ಬರುವುದಿಲ್ಲ. ಹಲವು ಜೀನುಗಳ ಸಣ್ಣ ಸಣ್ಣ ಪ್ರಭಾವ ಕೂಡಿ ಬರುತ್ತದೆ. ಹಾಗಾಗಿ ಇದನ್ನು ‘ಇದೆ, ಇಲ್ಲ’ ಅಂತ ಗೆರೆ ಕೊಯ್ದು ಹೇಳುವುದು ಕಷ್ಟ. ಕೆಲವರಿಗೆ ಸ್ವಲ್ಪ ಇರುತ್ತದೆ, ಕೆಲವರಿಗೆ ಜಾಸ್ತಿ.

ಪದವನ್ನು ಓದುವ ಎರಡು ದಾರಿ

ಡಿಸ್ಲೆಕ್ಸಿಯಾದ ಬಗೆಗಳು ಅರ್ಥವಾಗಬೇಕಾದರೆ ನಾವು ಪದವನ್ನು ಹೇಗೆ ಓದುತ್ತೇವೆ ಅಂತ ಮೊದಲು ನೋಡಬೇಕು. ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಶಬ್ದ ಮಾಡುವುದು. ಮೊದಲ ಸಲ ಕಾಣುವ ಊರಿನ ಹೆಸರನ್ನೋ ಔಷಧಿಯ ಹೆಸರನ್ನೋ ನಾವು ಓದುವುದು ಹೀಗೆ. ಇನ್ನೊಂದು, ಪದವನ್ನು ಇಡಿಯಾಗಿ ನೋಡಿದ ತಕ್ಷಣ ಗುರುತು ಹಿಡಿಯುವುದು. ‘ಕರ್ನಾಟಕ’ ಅನ್ನುವ ಪದವನ್ನು ನೀವೀಗ ಅಕ್ಷರ ಕೂಡಿಸಿ ಓದಲಿಲ್ಲ, ಅಲ್ವಾ? ಸಾವಿರ ಸಲ ನೋಡಿದ್ದರಿಂದ ಅದು ನೆನಪಿನಲ್ಲಿ ಅಚ್ಚಾಗಿದೆ.

ಮೊದಲ ದಾರಿ ಕೈಕೊಟ್ಟರೆ ಅದನ್ನು ಫೊನೊಲಾಜಿಕಲ್ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಹೆಚ್ಚಾಗಿ ಕಾಣುವ ಬಗೆ ಇದು. ಇಂಥ ಮಗುವಿಗೆ ಮಾತಿನ ಒಳಗಿನ ಶಬ್ದಗಳನ್ನು ಬಿಡಿಸುವುದೇ ಕಷ್ಟ. ‘ಮಳೆ’ಯಲ್ಲಿ ಮೊದಲನೇ ಶಬ್ದ ತೆಗೆದರೆ ಏನು ಉಳಿಯುತ್ತದೆ, ‘ಕಾಲು’ವಿಗೆ ಪ್ರಾಸ ಕೂಡುವ ಪದ ಯಾವುದು, ಇಂಥ ಪ್ರಶ್ನೆಗಳಿಗೆ ತಡಕಾಡುತ್ತದೆ. ಗೊತ್ತಿರುವ ಪದಗಳನ್ನು ನೋಡಿ ನೋಡಿ ಓದಲು ಕಲಿತಿರುತ್ತದೆ. ಆದರೆ ‘ತೆರಬೊ’, ‘ಮಲುಕಿ’ ಅಂತ ಅರ್ಥವಿಲ್ಲದ ಪದ ಬರೆದುಕೊಟ್ಟರೆ ನಿಂತುಬಿಡುತ್ತದೆ. ಇಲ್ಲವೇ ಅದನ್ನು ಗೊತ್ತಿರುವ ಬೇರೆ ಪದವಾಗಿ ಓದುತ್ತದೆ. ಪರೀಕ್ಷೆ ಮಾಡುವವರು ಇಂಥ ಸುಳ್ಳು ಪದಗಳನ್ನು ಓದಿಸುವುದು ಈ ಕಾರಣಕ್ಕೇ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ.

ಎರಡನೇ ದಾರಿ ಕೈಕೊಟ್ಟರೆ ಸರ್ಫೇಸ್ ಡಿಸ್ಲೆಕ್ಸಿಯಾ. ಇಂಗ್ಲಿಷಿನಲ್ಲಿ ಇದು ಎದ್ದು ಕಾಣುತ್ತದೆ. ಐ, ಎಸ್, ಎಲ್, ಎ, ಎನ್, ಡಿ ಅಂತ ಬರೆದು ‘ಐಲ್ಯಾಂಡ್’ ಅನ್ನಬೇಕು. ಈ ಮಗು ‘ಇಸ್‌ಲ್ಯಾಂಡ್’ ಅನ್ನುತ್ತದೆ. ಕೆ ಇಂದ ಶುರುವಾಗುವ ‘ನೈಫ್’ ಅನ್ನು ‘ಕ್ನೈಫ್’ ಅಂತ ಓದುತ್ತದೆ. ಮೊದಲ ಸಲ ಹಾಗೆ ಓದುವುದು ಯಾರಿಗಾದರೂ ಸಹಜ. ಐವತ್ತನೇ ಸಲವೂ ಹಾಗೇ ಓದಿದರೆ ಪದ ಇಡಿಯಾಗಿ ನೆನಪಿನಲ್ಲಿ ಕೂರುತ್ತಿಲ್ಲ ಅಂತ ಅರ್ಥ. ಕನ್ನಡದಲ್ಲಿ ಇದು ಓದಿನಲ್ಲಿ ಬಚ್ಚಿಟ್ಟುಕೊಂಡು, ಬರವಣಿಗೆಯಲ್ಲಿ ಹೊರಗೆ ಬರುತ್ತದೆ. ‘ಕೃಷಿ’ಯನ್ನು ‘ಕ್ರುಶಿ’ ಅಂತ ಬರೆದರೂ ಓದುವಾಗ ಹೆಚ್ಚು ಕಡಿಮೆ ಒಂದೇ ಶಬ್ದ. ಯಾವುದು ಸರಿ ಅಂತ ಕಿವಿ ಹೇಳುವುದಿಲ್ಲ. ಕಣ್ಣಿನ ನೆನಪೇ ಹೇಳಬೇಕು. ಶ, ಷ ಗೊಂದಲ ಏಳನೇ ಕ್ಲಾಸಿನಲ್ಲೂ ಪುಟ ತುಂಬಾ ಇದ್ದು, ಜೊತೆಗೆ ಗೊತ್ತಿರುವ ಪದವನ್ನೂ ಪ್ರತಿಸಲ ಕೂಡಿಸಿ ಕೂಡಿಸಿ ಓದುತ್ತಿದ್ದರೆ ಈ ಬಗೆಯ ಗುಮಾನಿ ಬರಬೇಕು.

ಸರ್ಫೇಸ್ ಡಿಸ್ಲೆಕ್ಸಿಯಾವನ್ನು ಮೊದಲು ವಿವರಿಸಿದ್ದು ಮೆದುಳಿಗೆ ಪೆಟ್ಟು ಬಿದ್ದು ಓದು ಕಳೆದುಕೊಂಡ ದೊಡ್ಡವರನ್ನು ನೋಡಿ. ಜಾನ್ ಮಾರ್ಷಲ್ ಮತ್ತು ಫ್ರೆಡಾ ನ್ಯೂಕೂಮ್ 1973ರಲ್ಲಿ ಅಂಥವರ ಓದಿನ ತಪ್ಪುಗಳನ್ನು ಬೇರೆ ಬೇರೆ ಬಗೆಯಾಗಿ ವಿಂಗಡಿಸಿದರು. ಆಮೇಲೆ 1993ರಲ್ಲಿ ಆನ್ ಕ್ಯಾಸಲ್ಸ್ ಮತ್ತು ಮ್ಯಾಕ್ಸ್ ಕೋಲ್ಟ್‌ಹಾರ್ಟ್, ಪೆಟ್ಟೇನೂ ಬೀಳದ ಮಕ್ಕಳಲ್ಲೂ ಈ ಎರಡು ಮಾದರಿಗಳು ಕಾಣುತ್ತವೆ ಅಂತ ತೋರಿಸಿದರು. ಆದರೆ ಒಂದು ಎಚ್ಚರ ಬೇಕು. ಶುದ್ಧವಾಗಿ ಒಂದೇ ಬಗೆಗೆ ಸೇರುವ ಮಕ್ಕಳು ಕಡಿಮೆ. ಎರಡೂ ಸ್ವಲ್ಪ ಸ್ವಲ್ಪ ಇರುವವರೇ ಹೆಚ್ಚು. ಬಗೆಯ ಹೆಸರು ರಿಪೋರ್ಟಿನಲ್ಲಿ ಬರೆಯಲು ಬೇಕಾಗಬಹುದು. ಮಗುವಿಗೆ ಬೇಕಾದ್ದು ಆ ತಪ್ಪಿಗೆ ತಕ್ಕ ಪಾಠ.

ಮೂರನೆಯ ತೊಂದರೆಯೊಂದಿದೆ. ಅಕ್ಷರವೂ ಗೊತ್ತು, ಶಬ್ದವೂ ಗೊತ್ತು, ಆದರೆ ಕಂಡದ್ದರ ಹೆಸರು ನಾಲಿಗೆಗೆ ಬರುವುದೇ ನಿಧಾನ. ಇದನ್ನು ಪತ್ತೆ ಮಾಡಲು ಒಂದು ಸರಳ ಪರೀಕ್ಷೆ ಇದೆ. ಐದೇ ಐದು ಚಿತ್ರಗಳನ್ನೋ ಬಣ್ಣಗಳನ್ನೋ ಅಂಕೆಗಳನ್ನೋ ಹಿಂದುಮುಂದಾಗಿ ಸಾಲಾಗಿ ಮತ್ತೆ ಮತ್ತೆ ಬರೆದಿರುತ್ತಾರೆ. ಮಗು ಎಡದಿಂದ ಬಲಕ್ಕೆ ಬೇಗ ಬೇಗ ಹೆಸರು ಹೇಳುತ್ತಾ ಹೋಗಬೇಕು. ಎಷ್ಟು ಸೆಕೆಂಡು ಹಿಡಿಯಿತು ಅಂತ ನೋಡುತ್ತಾರೆ. ಶಬ್ದ ಬಿಡಿಸುವುದರಲ್ಲೂ ಕಷ್ಟ, ಹೆಸರು ಹೇಳುವುದೂ ನಿಧಾನ, ಎರಡೂ ಇದ್ದರೆ ಓದಿನ ತೊಂದರೆ ಇನ್ನೂ ಗಟ್ಟಿ. 1999ರಲ್ಲಿ ಮೇರಿಯನ್ ವುಲ್ಫ್ ಮತ್ತು ಪೆಟ್ರಿಷಿಯಾ ಬವರ್ಸ್ ಇದನ್ನು ‘ಡಬಲ್ ಡೆಫಿಸಿಟ್’, ಅಂದರೆ ಎರಡು ಪಟ್ಟು ಕೊರತೆ, ಅಂತ ಕರೆದರು.

ಅಕ್ಷರಗಳ ಜಾಗ ಬದಲಾಗುವ ಬಗೆಯೂ ಉಂಟು. ‘ತರಗತಿ’ ಹೋಗಿ ‘ತಗರತಿ’ ಆಗುತ್ತದೆ. ಇದನ್ನು ಹೀಬ್ರೂ ಓದುಗರಲ್ಲಿ ನಾಮಾ ಫ್ರೀಡ್‌ಮನ್ ಮತ್ತು ಅವಿಯಾ ಗ್ವಿಯೊನ್ 2001ರಲ್ಲಿ ವಿವರವಾಗಿ ತೋರಿಸಿದರು. ಹೀಬ್ರೂದಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಎರಡು ಅಕ್ಷರ ಅದಲುಬದಲಾದರೆ ಇನ್ನೊಂದು ನಿಜವಾದ ಪದವೇ ಆಗಿಬಿಡುತ್ತದೆ. ತಪ್ಪು ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಹೆಚ್ಚಾಗಿ ಅರ್ಥವಿಲ್ಲದ ಪದ ಆಗುವುದರಿಂದ ಮಗುವೇ ಹಿಂದೆ ಹೋಗಿ ತಿದ್ದಿಕೊಳ್ಳುತ್ತದೆ. ನಮಗೆ ಕಾಣುವುದು ತಡವರಿಕೆ ಮಾತ್ರ.

ಕನ್ನಡದ ಲಿಪಿ ಎಲ್ಲಿ ತೊಡರಿಸುತ್ತದೆ

ಕನ್ನಡ ಬರೆದ ಹಾಗೆ ಓದುವ ಭಾಷೆ. ಇದು ಮಗುವಿಗೆ ದೊಡ್ಡ ಅನುಕೂಲ. ಇಂಗ್ಲಿಷಿನ ಹಾಗೆ ಒಂದೇ ಅಕ್ಷರಕ್ಕೆ ನಾಲ್ಕು ಶಬ್ದ ಇಲ್ಲಿಲ್ಲ. ಆದರೆ ಕಲಿಯಬೇಕಾದ ರೂಪಗಳು ಬಹಳ. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ ಹನ್ನೆರಡಕ್ಕೂ ಹೆಚ್ಚು ರೂಪ. ಅಲ್ಲಿಗೇ ನಾನೂರು ದಾಟುತ್ತದೆ. ಒತ್ತಕ್ಷರ ಇನ್ನೂ ಬಾಕಿ. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಸೊನಾಲಿ ನಾಗ್ ಅವರ ಅಧ್ಯಯನಗಳು ಒಂದು ಮುಖ್ಯ ವಿಷಯ ತೋರಿಸಿವೆ. ಇಂಗ್ಲಿಷ್ ಅಕ್ಷರಗಳಿಗಿಂತ ಕನ್ನಡದ ಅಕ್ಷರಗಳನ್ನು ಪೂರ್ತಿ ಕಲಿಯಲು ಹೆಚ್ಚು ಕಾಲ ಬೇಕು. ನಾಲ್ಕನೇ ಕ್ಲಾಸಿನಲ್ಲೂ ಮಕ್ಕಳು ಅಕ್ಷರ ಕಲಿಯುತ್ತಲೇ ಇರುತ್ತಾರೆ. ಆದ್ದರಿಂದ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿತು ಅಂತ ಗಾಬರಿ ಬೀಳಬೇಕಿಲ್ಲ. ಜೊತೆಯ ಮಕ್ಕಳೆಲ್ಲ ಮುಂದೆ ಹೋದಮೇಲೂ ಅದೇ ಜಾಗದಲ್ಲಿ ನಿಂತಿದೆಯಾ ಅನ್ನುವುದು ಪ್ರಶ್ನೆ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ನಾಲ್ಕನೇ ಕ್ಲಾಸಿನ ಮಗು ಅಂದುಕೊಳ್ಳಿ. ಮುಂದೆ ಚಿತ್ರವಿರುವ ಪುಸ್ತಕ. ವಾಕ್ಯ ಇದು: ‘ಅಜ್ಜಿ ಸಂತೆಯಿಂದ ಕಲ್ಲಂಗಡಿ ಹಣ್ಣು ತಂದರು.’ ಮಗು ಬೆರಳಿಟ್ಟು ಓದುತ್ತದೆ: ‘ಅ... ಜಿ... ಅಜಿ... ಅಜ್ಜಿ. ಸ... ತೆ... ಸತೆ... ಯಿ... ದ...’ ಅಲ್ಲಿ ನಿಲ್ಲುತ್ತದೆ. ‘ಕ... ಲ... ಗ... ಡಿ.’ ಆಮೇಲೆ ಚಿತ್ರದ ಕಡೆ ಕಣ್ಣು ಹಾಯಿಸಿ ಒಂದೇ ಉಸಿರಿಗೆ ‘ಹಣ್ಣು ತಂದ್ರು’ ಅನ್ನುತ್ತದೆ.

ಇದರಲ್ಲಿ ಎಷ್ಟೊಂದು ಸುಳಿವುಗಳಿವೆ ನೋಡಿ. ‘ಜ್ಜಿ’ಯ ಒತ್ತು, ‘ಲ್ಲ’ದ ಒತ್ತು ಬಿಟ್ಟುಹೋದವು. ‘ಸಂ’, ‘ಯಿಂ’, ‘ಲ್ಲಂ’ ಮೂರರಲ್ಲೂ ಸೊನ್ನೆ ಬಿಟ್ಟುಹೋಯಿತು. ಮೂಲ ಅಕ್ಷರಗಳು ಮಾತ್ರ ಒಂದೂ ತಪ್ಪಲಿಲ್ಲ. ಅಂದರೆ ಅಕ್ಷರದ ಗುರುತು ಇದೆ, ಅದಕ್ಕೆ ಅಂಟಿಕೊಂಡ ಶಬ್ದಗಳು ಉದುರುತ್ತಿವೆ. ‘ಅಜಿ’ಯನ್ನು ‘ಅಜ್ಜಿ’ ಅಂತ ತಾನೇ ತಿದ್ದಿಕೊಂಡಿದ್ದು ಪದ ಗೊತ್ತಿದ್ದದ್ದರಿಂದ. ಕೊನೆಯ ಎರಡು ಪದ ಓದಿದ್ದಲ್ಲ, ಊಹಿಸಿದ್ದು. ಇದೇ ವಾಕ್ಯವನ್ನು ನೀವು ಓದಿ ಹೇಳಿ, ‘ಅಜ್ಜಿ ಎಲ್ಲಿಗೆ ಹೋಗಿದ್ರು?’ ಅಂತ ಕೇಳಿ. ತಕ್ಷಣ ‘ಸಂತೆಗೆ’ ಅನ್ನುತ್ತದೆ. ಕೇಳಿದರೆ ಎಲ್ಲಾ ಅರ್ಥವಾಗುತ್ತದೆ, ಓದಿದರೆ ಆಗುವುದಿಲ್ಲ. ಈ ಅಂತರವೇ ಡಿಸ್ಲೆಕ್ಸಿಯಾದ ದೊಡ್ಡ ಗುರುತು. ‘ಬುದ್ಧಿ ಕಡಿಮೆ’ ಅಂತ ಷರಾ ಬರೆಯುವ ಮುಂಚೆ ದಯವಿಟ್ಟು ಇದೊಂದನ್ನು ಮಾಡಿ ನೋಡಿ.

ಕನ್ನಡದ ಇನ್ನೊಂದು ತೊಡಕು ಅರ್ಕಾವತ್ತು. ‘ಸೂರ್ಯ’ ಅನ್ನುವಾಗ ಬಾಯಲ್ಲಿ ಮೊದಲು ಬರುವುದು ರಕಾರ, ಆಮೇಲೆ ಯ. ಹೆಚ್ಚಿನ ಪುಸ್ತಕಗಳಲ್ಲಿ ಅಚ್ಚಾಗುವುದು ಮೊದಲು ಯ, ಅದರ ಬಲಕ್ಕೆ ಅರ್ಕಾವತ್ತು. ಕಣ್ಣು ನೋಡುವ ಕ್ರಮ ಒಂದು, ಬಾಯಿ ಹೇಳುವ ಕ್ರಮ ಇನ್ನೊಂದು. ಶಬ್ದಗಳ ಕ್ರಮ ಹಿಡಿದಿಡುವುದೇ ಕಷ್ಟವಾಗಿರುವ ಮಗುವಿಗೆ ಇದು ದೊಡ್ಡ ಅಡ್ಡಿ. ‘ಸೂಯ’ ಅಂತಲೋ ‘ಸೂಯರ’ ಅಂತಲೋ ಓದುತ್ತದೆ. ದೀರ್ಘ ಬಿಟ್ಟು ‘ಕಾಡು’ವನ್ನು ‘ಕಡು’ ಅನ್ನುವುದು, ದ-ಧ-ಥ, ಪ-ಷ-ವ ಇಂಥ ಒಂದೇ ಚಹರೆಯ ಅಕ್ಷರಗಳನ್ನು ಬೆರೆಸುವುದು, ಇವೂ ಸಾಮಾನ್ಯ.

ಇಲ್ಲಿ ಟೀಚರ್‌ಗಳಿಗೆ ಒಂದು ಮಾತು. ಎಲ್ಲ ತಪ್ಪೂ ಡಿಸ್ಲೆಕ್ಸಿಯಾ ಅಲ್ಲ. ‘ಹಾಲು’ವನ್ನು ‘ಆಲು’ ಅಂತ, ‘ಅಕ್ಕಿ’ಯನ್ನು ‘ಹಕ್ಕಿ’ ಅಂತ ಬರೆಯುವ ಮಗು ತನ್ನ ಮನೆಯ ಮಾತನ್ನು ಬರೆಯುತ್ತಿದೆ. ಮನೆಯಲ್ಲಿ ಮಹಾಪ್ರಾಣ ಯಾರೂ ಆಡದಿದ್ದರೆ ‘ಧನ’ ‘ದನ’ ಆಗುತ್ತದೆ. ಅದರಲ್ಲಿ ಕಾಯಿಲೆಯೂ ಇಲ್ಲ, ಅವಮಾನವೂ ಇಲ್ಲ. ಮನೆಯಲ್ಲಿ ತುಳು, ಉರ್ದು, ತೆಲುಗು, ಲಂಬಾಣಿ ಆಡುವ ಮಗು ಶಾಲೆಗೆ ಬಂದಮೇಲೆ ಕನ್ನಡವನ್ನೇ ಕಲಿಯುತ್ತಿರುತ್ತದೆ. ಓದು ನಿಧಾನವಾಗುವುದು ಸಹಜ. ಇಂಥ ಮಗುವಿಗೂ ಡಿಸ್ಲೆಕ್ಸಿಯಾ ಇರುವ ಮಗುವಿಗೂ ವ್ಯತ್ಯಾಸ ತಿಳಿಯಲು ಕಾಲ ಬೇಕು, ಚೆನ್ನಾಗಿ ಕಲಿಸಿ ನೋಡಬೇಕು. ಆರು ತಿಂಗಳು ಒಳ್ಳೆಯ ಪಾಠ ಸಿಕ್ಕಮೇಲೆ ಸಾಮಾನ್ಯವಾಗಿ ಒಂದು ಮಗು ಓಡುತ್ತದೆ, ಇನ್ನೊಂದು ಆಗಲೂ ತೆವಳುತ್ತಿರುತ್ತದೆ.

ಒಂದು ಭಾಷೆಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದಿರಬಹುದು

ಜಪಾನಿನಲ್ಲಿ ಬೆಳೆದ ಒಬ್ಬ ಹುಡುಗನ ಪ್ರಕರಣ ಓದಿನ ವಿಜ್ಞಾನದಲ್ಲಿ ಬಹಳ ಹೆಸರಾದದ್ದು. ಅಪ್ಪ ಅಮ್ಮ ಇಂಗ್ಲಿಷ್ ಮಾತಾಡುವವರು. ಮನೆಯಲ್ಲಿ ಇಂಗ್ಲಿಷ್, ಶಾಲೆಯಲ್ಲಿ ಜಪಾನಿ. ಇಂಗ್ಲಿಷ್ ಓದಿನಲ್ಲಿ ಅವನಿಗೆ ಡಿಸ್ಲೆಕ್ಸಿಯಾ. ಜಪಾನಿಯನ್ನು ಮಾತ್ರ ವಯಸ್ಸಿಗೆ ಮೀರಿ ಚೆನ್ನಾಗಿ ಓದುತ್ತಿದ್ದ. ಟೈಕೊ ವೈಡೆಲ್ ಮತ್ತು ಬ್ರಯಾನ್ ಬಟರ್‌ವರ್ತ್ 1999ರಲ್ಲಿ ಇದನ್ನು ಬರೆದರು. 2001ರಲ್ಲಿ ಇಟಲಿಯ ಎರಾಲ್ಡೊ ಪೌಲೆಸು ಮತ್ತು ಜೊತೆಯವರು ಇಟಲಿ, ಫ್ರಾನ್ಸ್, ಬ್ರಿಟನ್ನಿನ ಡಿಸ್ಲೆಕ್ಸಿಯಾ ಇರುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಬರೆದ ಹಾಗೆ ಓದುವ ಇಟಾಲಿಯನ್ ಭಾಷೆಯವರು ಉಳಿದವರಿಗಿಂತ ಚೆನ್ನಾಗಿ ಓದಿದರು. ಆದರೆ ಮೆದುಳಿನ ಎಡಭಾಗದಲ್ಲಿ ಚಟುವಟಿಕೆ ಕಡಿಮೆಯಿದ್ದ ಜಾಗ ಮೂರೂ ಭಾಷೆಯವರಲ್ಲಿ ಒಂದೇ. ಬೇರು ಒಂದೇ ಇದ್ದರೂ ಅದು ಹೊರಗೆ ಎಷ್ಟು ಕಾಣುತ್ತದೆ ಅನ್ನುವುದನ್ನು ಲಿಪಿ ತೀರ್ಮಾನಿಸುತ್ತದೆ.

ಇದು ನಮ್ಮ ಮನೆಗಳಿಗೆ ನೇರವಾಗಿ ತಾಗುವ ವಿಷಯ. ಕನ್ನಡವನ್ನು ನಿಧಾನವಾಗಿಯಾದರೂ ಹೇಗೋ ಓದಿಕೊಂಡು ಬಂದ ಮಗು ಇಂಗ್ಲಿಷ್ ಮೀಡಿಯಂಗೆ ಸೇರಿದ ತಕ್ಷಣ ಕುಸಿಯುತ್ತದೆ. ‘ಇಂಗ್ಲಿಷ್ ವೀಕು, ಟ್ಯೂಷನ್ ಹಾಕ್ಸಿ’ ಅಂತ ಎಲ್ಲರೂ ಹೇಳುತ್ತಾರೆ. ಕನ್ನಡದ ಆ ನಿಧಾನವೇ ಮೊದಲ ಸುಳಿವಾಗಿತ್ತು ಅಂತ ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ಬರೀ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಕೊಟ್ಟ ರಿಪೋರ್ಟನ್ನು ನಾನು ಅರ್ಧ ರಿಪೋರ್ಟು ಅಂತಲೇ ಎಣಿಸುತ್ತೇನೆ. ಮಗು ಓದುವ ಎಲ್ಲ ಭಾಷೆಯಲ್ಲೂ ನೋಡಬೇಕು. ಕನ್ನಡದಲ್ಲಿ ತಪ್ಪುಗಳ ಎಣಿಕೆಗಿಂತ ವೇಗವನ್ನು ನೋಡಬೇಕು.

ದೊಡ್ಡವರಾದ ಮೇಲೆ ಓದು ಕಳೆದುಕೊಳ್ಳುವುದು

ಮೇಲೆ ಮಕ್ಕಳ ಬಗ್ಗೆ ಹೇಳಿದ್ದೆಲ್ಲ ಹುಟ್ಟಿನಿಂದ ಬರುವ ಬಗೆ. ಚೆನ್ನಾಗಿ ಓದುತ್ತಿದ್ದವರು ಪಾರ್ಶ್ವವಾಯು ಹೊಡೆದೋ ತಲೆಗೆ ಪೆಟ್ಟಾಗಿಯೋ ಓದು ಕಳೆದುಕೊಳ್ಳುವುದು ಬೇರೆ. 1892ರಲ್ಲಿ ಫ್ರಾನ್ಸಿನ ಡಾಕ್ಟರ್ ಡೆಜೆರಿನ್ ಇಂಥ ಒಬ್ಬರ ಬಗ್ಗೆ ಬರೆದರು. ಅವರಿಗೆ ಬರೆಯಲು ಬರುತ್ತಿತ್ತು. ಆದರೆ ತಾವೇ ಬರೆದದ್ದನ್ನು ಓದಲು ಆಗುತ್ತಿರಲಿಲ್ಲ. ಕಂಡ ಅಕ್ಷರವನ್ನು ಭಾಷೆಯ ಭಾಗಕ್ಕೆ ಮುಟ್ಟಿಸುವ ಕೊಂಡಿ ಮಾತ್ರ ಕಡಿದಿತ್ತು. ಕನ್ನಡ-ಇಂಗ್ಲಿಷ್ ಎರಡೂ ಬಲ್ಲವರೊಬ್ಬರಲ್ಲಿ ಕಂಡ ಇದೇ ಬಗೆಯ ತೊಂದರೆಯನ್ನು ಪ್ರತಿಭಾ ಕಾರಂತ್ 1981ರಲ್ಲಿ ವಿವರಿಸಿದ್ದಾರೆ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ‘ಪೇಪರ್ ಓದಕ್ಕೆ ಆಗ್ತಿಲ್ಲ’ ಅಂದರೆ ಕನ್ನಡಕದ ಅಂಗಡಿಗೆ ಹೋಗಿ ಕಾಲ ಕಳೆಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದು ಪಾರ್ಶ್ವವಾಯುವಿನ ಲಕ್ಷಣ ಇರಬಹುದು.

ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾ ಅನ್ನುವ ಹೆಸರುಗಳೂ ಕಿವಿಗೆ ಬಿದ್ದಿರಬಹುದು. ಮೊದಲನೆಯದು ಬರವಣಿಗೆಯ ತೊಂದರೆ, ಎರಡನೆಯದು ಲೆಕ್ಕದ ತೊಂದರೆ. ಡಿಸ್ಲೆಕ್ಸಿಯಾ ಜೊತೆಗೆ ಇವೂ ಇರಬಹುದು, ಒಂಟಿಯಾಗಿಯೂ ಬರಬಹುದು. ಗಮನ ನಿಲ್ಲದ ಎಡಿಎಚ್‌ಡಿ ಕೂಡ ಎಷ್ಟೋ ಸಲ ಜೊತೆಗಿರುತ್ತದೆ. ಅದನ್ನು ಬೇರೆಯಾಗಿಯೇ ನೋಡಿ ಚಿಕಿತ್ಸೆ ಮಾಡಬೇಕು.

ದುಡ್ಡು ದಂಡವಾಗುವ ಜಾಗಗಳು

ಕಣ್ಣಿನ ವ್ಯಾಯಾಮ, ಬಣ್ಣದ ಕನ್ನಡಕ, ಪುಟದ ಮೇಲೆ ಇಡುವ ಬಣ್ಣದ ಹಾಳೆ, ಇವುಗಳಿಂದ ಡಿಸ್ಲೆಕ್ಸಿಯಾ ಸರಿಹೋಗುತ್ತದೆ ಅನ್ನಲು ಪುರಾವೆ ಇಲ್ಲ. ಅಮೆರಿಕದ ಮಕ್ಕಳ ಡಾಕ್ಟರುಗಳ ಮತ್ತು ಕಣ್ಣಿನ ಡಾಕ್ಟರುಗಳ ಸಂಘಗಳು 2009ರಲ್ಲೇ ಜಂಟಿಯಾಗಿ ಇದನ್ನು ಹೇಳಿವೆ. ದೃಷ್ಟಿದೋಷ ಇದ್ದರೆ ಕನ್ನಡಕ ಹಾಕಿಸಲೇಬೇಕು, ಅದು ಬೇರೆ ಮಾತು. ಇದನ್ನು ವಾಸಿ ಮಾಡುವ ಮಾತ್ರೆಯೂ ಇಲ್ಲ, ಟಾನಿಕ್ಕೂ ಇಲ್ಲ. ಯಾರಾದರೂ ‘ಮೂರು ತಿಂಗಳಲ್ಲಿ ಗ್ಯಾರಂಟಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ತಪ್ಪಿದ ಪದವನ್ನು ನೂರು ಸಲ ಬರೆಸುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮಗು ತಪ್ಪಾಗಿಯೇ ನೂರು ಸಲ ಬರೆಯುತ್ತದೆ, ಇಲ್ಲವೇ ನೋಡಿಕೊಂಡು ಸುಮ್ನೆ ಇಳಿಸುತ್ತದೆ. ಕೈ ನೋಯುತ್ತದೆ, ಓದಿನ ಮೇಲೆ ಹಗೆ ಹುಟ್ಟುತ್ತದೆ. ಎಲ್ಲರ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸುವುದೂ ಅಷ್ಟೇ ಕ್ರೂರ. ಕಷ್ಟವಾದ್ದರಿಂದ ಮಗು ಕಡಿಮೆ ಓದುತ್ತದೆ. ಕಡಿಮೆ ಓದಿದ್ದರಿಂದ ಪದಗಳು ಕಡಿಮೆ ಗೊತ್ತಾಗುತ್ತವೆ. ಅದರಿಂದ ಓದು ಇನ್ನೂ ಕಷ್ಟವಾಗುತ್ತದೆ. ಐದನೇ ಕ್ಲಾಸಿನ ಹೊತ್ತಿಗೆ ಸಮಾಜ, ವಿಜ್ಞಾನ ಎಲ್ಲವೂ ಕೈತಪ್ಪಿರುತ್ತವೆ. ಮೊದಲ ತೊಂದರೆ ಇದ್ದದ್ದು ಅಕ್ಷರದಲ್ಲಿ ಮಾತ್ರ.

ಏನು ಮಾಡಬಹುದು

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಓದಿನ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ರೂಪಿಸಿದ ಪರೀಕ್ಷೆಗಳಿವೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ನೋಡುತ್ತಾರೆ. ಹರಿಯಾಣದ ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಅನ್ನುವ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಹಳ್ಳಿಯವರಾದರೆ ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ.

ಕಲಿಸುವ ರೀತಿಯ ಬಗ್ಗೆ ದಶಕಗಳಿಂದ ಬಂದ ಅನುಭವ ಒಂದೇ ಕಡೆ ತೋರಿಸುತ್ತದೆ. ಬಿಡಿಸಿ ಹೇಳಿಕೊಡಬೇಕು, ಕ್ರಮವಾಗಿ ಹೇಳಿಕೊಡಬೇಕು, ದಿನಾ ಸ್ವಲ್ಪ ಸ್ವಲ್ಪ ಹೇಳಿಕೊಡಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಬದಲು ‘ರ ಗ ಸ ದ ಅ’ದಿಂದ ಶುರು ಮಾಡುತ್ತಾರೆ. ಬರೆಯಲು ಸುಲಭವಾದ ಕೆಲವೇ ಅಕ್ಷರ, ಕೂಡಲೇ ‘ಸರ’, ‘ದರ’, ‘ಅರಸ’ ಅಂತ ಪದ. ಇದು ಡಿಸ್ಲೆಕ್ಸಿಯಾ ಇರುವ ಮಗುವಿಗೂ ಒಳ್ಳೆಯ ಆರಂಭ. ಆದರೆ ಅದಕ್ಕೆ ಇದೇ ಹೆಜ್ಜೆಗಳು ಇನ್ನೂ ಚಿಕ್ಕದಾಗಬೇಕು, ಮತ್ತೆ ಮತ್ತೆ ಆಗಬೇಕು.

ಮೇಲಿನ ‘ಅಜ್ಜಿ’ ವಾಕ್ಯದ ಮಗುವಿಗೆ ವರ್ಣಮಾಲೆ ಮೊದಲಿನಿಂದ ತಿದ್ದಿಸಬೇಕಿಲ್ಲ. ಅದಕ್ಕೆ ಬೇಕಾದ್ದು ಸೊನ್ನೆ ಮತ್ತು ಒತ್ತು. ಒಂದು ವಾರ ಸೊನ್ನೆ ಮಾತ್ರ. ಬರೀ ಕಿವಿಯಿಂದ ಶುರು ಮಾಡಿ: ‘ಬದ, ಬಂದ. ಯಾವುದರಲ್ಲಿ ಮೂಗಿನ ಶಬ್ದ ಇದೆ?’ ಆಮೇಲೆ ಅಕ್ಷರದ ಬಿಲ್ಲೆಗಳಿಂದ ಪದ ಕೂಡಿಸಿ, ಸೊನ್ನೆಯನ್ನು ಮಗುವೇ ಕೈಯಿಂದ ಇಡಲಿ. ಇಟ್ಟಾಗ ‘ಬಂದ’, ತೆಗೆದಾಗ ‘ಬದ’, ಎರಡನ್ನೂ ಬಾಯಿಬಿಟ್ಟು ಹೇಳಲಿ. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯುತ್ತಾ ಶಬ್ದ ಹೇಳಲಿ. ಆಮೇಲೆ ಒತ್ತು: ‘ಹಳಿ, ಹಳ್ಳಿ’, ‘ಕತೆ, ಕತ್ತೆ’. ಕಣ್ಣು, ಕಿವಿ, ಕೈ, ಬಾಯಿ ನಾಲ್ಕೂ ಸೇರಿ ಕಲಿಸುವ ಈ ಪದ್ಧತಿಯನ್ನು ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನ್ನಾ ಗಿಲಿಂಗ್‌ಹ್ಯಾಂ 1930ರ ದಶಕದಲ್ಲಿ ಬೆಳೆಸಿದರು. ದಿನಾ ಅರ್ಧ ಗಂಟೆ ಸಾಕು. ಭಾನುವಾರ ಒಂದೇ ಸಲ ಮೂರು ಗಂಟೆ ಕೂರಿಸಿದರೆ ಪ್ರಯೋಜನ ಇಲ್ಲ.

ತಡವರಿಕೆ ಮುಖ್ಯ ತೊಂದರೆಯಾದರೆ ಒಂದೇ ಚಿಕ್ಕ ಪ್ಯಾರಾವನ್ನು ನಿಮ್ಮ ಜೊತೆ ದನಿಗೂಡಿಸಿ ಮೂರ್ನಾಲ್ಕು ಸಲ ಓದಿಸಿ. ಇದರ ಜೊತೆಗೆ ಪಾಠಗಳನ್ನು ಓದಿ ಹೇಳುವುದನ್ನು ನಿಲ್ಲಿಸಬೇಡಿ. ಈಗ ಫೋನೇ ಕನ್ನಡ ಓದಿ ಹೇಳುತ್ತದೆ, ಅದನ್ನೂ ಬಳಸಿ. ಕಣ್ಣಿನಿಂದ ಓದಲು ಕಲಿಯುವವರೆಗೆ ಕಿವಿಯಿಂದ ವಿಷಯ ಕಲಿಯುವುದರಲ್ಲಿ ಏನೂ ತಪ್ಪಿಲ್ಲ.

ಕಾನೂನಿನ ಬೆಂಬಲವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಒಂದು. ಡಿಸ್ಲೆಕ್ಸಿಯಾ ಅದರಲ್ಲಿ ಬರುತ್ತದೆ. ಸರ್ಟಿಫಿಕೇಟ್ ಸಾಮಾನ್ಯವಾಗಿ 8 ವರ್ಷ ಆದಮೇಲೆ ಕೊಡುತ್ತಾರೆ. ಪಾಠಕ್ಕೆ ಮಾತ್ರ ಅಲ್ಲಿಯವರೆಗೆ ಕಾಯಬೇಕಿಲ್ಲ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲೂ ಹೆಚ್ಚು ಸಮಯ, ಬರೆದುಕೊಡುವವರ ನೆರವು ಇಂಥ ರಿಯಾಯಿತಿಗಳಿವೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಡಾಕ್ಟರ್ ಅಪಾಯಿಂಟ್‌ಮೆಂಟ್, ಪರೀಕ್ಷೆ, ಸರ್ಟಿಫಿಕೇಟ್ ಎಲ್ಲಕ್ಕೂ ತಿಂಗಳುಗಳು ಹಿಡಿಯುತ್ತವೆ. ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಓಡಾಡಿದರೆ ಕೈಗೆ ಬರುವುದು ಕಷ್ಟ. ಎಂಟನೇ ಕ್ಲಾಸಿನಲ್ಲೇ ಹೆಡ್‌ಮಾಸ್ಟರ ಹತ್ತಿರ ಮಾತಾಡಿ. ಬರೆದುಕೊಡುವವರ ನೆರವು ಬೇಕಾಗುವುದಾದರೆ ಶಾಲೆಯ ಸಣ್ಣ ಟೆಸ್ಟುಗಳಲ್ಲೇ ಅದರ ಅಭ್ಯಾಸ ಮಾಡಿಸಿ. ಉತ್ತರವನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸುವುದು ಕೂಡ ಕಲಿತೇ ಬರಬೇಕಾದ ವಿದ್ಯೆ.